ಬೂದಿ ತುಂಬೋಕೆ ಮುಂಚೆ ನೀರು ಎಲ್ಲಿದೆ ನೋಡಿ

ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋ ಪ್ಲಾಂಟಿಂದ ಬರೋ ಬೂದೀನ ಮಣ್ಣಿನ ಬದಲು ಫಿಲ್ಲಿಂಗಿಗೆ ಹಾಕ್ಬಹುದಾ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದ್ಲೇ ಹೌದು ಇಲ್ಲ ಅನ್ನಲ್ಲ, ಆ ಜಾಗದಲ್ಲಿ ನೀರು ಎಷ್ಟು ಆಳದಲ್ಲಿದೆ, ಮಳೆಗಾಲದಲ್ಲಿ ಎಲ್ಲೀವರೆಗೆ ಮೇಲೆ ಬರುತ್ತೆ ಅಂತ ವಾಪಸ್ ಕೇಳ್ತೀನಿ. ಇದಕ್ಕೆ ಉತ್ತರ ಸಿಕ್ಕಿದ್ರೆ ಮುಂದಿನ ಮಾತು ಆಡ್ಬಹುದು, ಸಿಗಲಿಲ್ಲ ಅಂದ್ರೆ ಟಿಪ್ಪರ್ ಆ ಕಡೆ ಬರೋದೇ ಬೇಡ. ನಾನು ಮಣ್ಣು, ಫೌಂಡೇಶನ್ ಕೆಲಸದವನು, ಬೂದಿ ಹರಡಿಸಿ ರೋಲರ್ ಓಡಿಸಿದ ಸೈಟುಗಳಲ್ಲಿ ನಿಂತವನು, ಮೆಟೀರಿಯಲ್ ಮೇಲೆ ನಂಗೆ ಗೌರವ ಇದೆ, ಅದಕ್ಕೇ ಅದನ್ನ ಸಿಕ್ಕಸಿಕ್ಕ ಹಳ್ಳಕ್ಕೆ ಸುರಿಯೋದು ನೋಡಿದಾಗ ಹೊಟ್ಟೆ ಉರಿಯುತ್ತೆ.

ಮೊದ್ಲು ಇದು ಏನು ಅಂತ ಸ್ವಲ್ಪ ಹೇಳ್ಬಿಡ್ತೀನಿ. ಕಲ್ಲಿದ್ದಲನ್ನ ಪುಡಿ ಮಾಡಿ ಬಾಯ್ಲರಿಗೆ ಊದ್ತಾರೆ, ಅಲ್ಲಿ 1,400 ಡಿಗ್ರಿ ಆಸುಪಾಸಿನ ಬಿಸೀಲಿ ಇಂಗಾಲ ಎಲ್ಲ ಉರಿದು ಹೋಗುತ್ತೆ, ಕಲ್ಲಿದ್ದಲಿನ ಒಳಗೆ ಸೇರ್ಕೊಂಡಿದ್ದ ಮಣ್ಣು, ಕಲ್ಲಿನ ಅಂಶ ಕರಗಿ ಸಣ್ಣ ಸಣ್ಣ ಹನಿ ಆಗುತ್ತೆ, ಹೊಗೆ ಜೊತೆ ಮೇಲೆ ಹೋಗ್ತಾ ತಣ್ಣಗಾಗಿ ಗಾಜಿನ ಗುಂಡುಗಳ ಥರ ಗಟ್ಟಿ ಆಗುತ್ತೆ. ಅದೇ ಹಾರುಬೂದಿ, ಎಲ್ರೂ ಫ್ಲೈ ಆಶ್ ಅಂತಾರೆ. ಚಿಮಣಿ ಸೇರೋ ಮುಂಚೆ ಇ.ಎಸ್.ಪಿ. ಅನ್ನೋ ವಿದ್ಯುತ್ ಫಿಲ್ಟರ್‌ಗಳಲ್ಲಿ ಅದನ್ನ ಹಿಡೀತಾರೆ. ಒಟ್ಟು ಬೂದೀಲಿ ಸುಮಾರು 80 ಪರ್ಸೆಂಟ್ ಇದೇ. ಉಳಿದಿದ್ದು ದಪ್ಪ ಕಣದ್ದು, ಬಾಯ್ಲರ್ ತಳಕ್ಕೆ ಬೀಳುತ್ತೆ, ಅದು ಬಾಟಮ್ ಆಶ್, ನೋಡೋಕೆ ಒರಟು ಮರಳಿನ ಥರ ಇರುತ್ತೆ. ಎರಡನ್ನೂ ನೀರಲ್ಲಿ ಕಲಸಿ ಪೈಪಲ್ಲಿ ಹೊಂಡಕ್ಕೆ ಬಿಟ್ರೆ ಅಲ್ಲಿ ಸಿಗೋದು ಪಾಂಡ್ ಆಶ್. ಫಿಲ್ಲಿಂಗಿಗೆ ಜಾಸ್ತಿ ಬರೋದು ಇದೇ ಹೊಂಡದ ಬೂದಿ. ಒಂದು ವಿಷಯ ಮಾತ್ರ ನೆನಪಿಡಿ, ಪೈಪ್ ಬಾಯಿ ಹತ್ರ ದಪ್ಪ ಕಣ ಕೂತಿರುತ್ತೆ, ಹೊಂಡದ ಆ ತುದೀಲಿ ನುಣ್ಣಗಿನ ಕೆಸರು ಕೂತಿರುತ್ತೆ, ಒಂದೇ ಹೊಂಡ ಅಂದ್ಕೊಂಡು ಒಂದೇ ಕಡೆಯಿಂದ ಒಂದು ಚೀಲ ತಗೊಂಡು ಟೆಸ್ಟ್ ಮಾಡಿದ್ರೆ ಆ ರಿಪೋರ್ಟಿಗೆ ಬೆಲೆ ಇಲ್ಲ.

ಇಂಜಿನಿಯರ್‌ಗಳಿಗೆ ಇದು ಯಾಕೆ ಇಷ್ಟ ಅಂದ್ರೆ ತೂಕ. ಮಾಮೂಲಿ ಮಣ್ಣನ್ನ ಚೆನ್ನಾಗಿ ಅದುಮಿ ಕಾಂಪ್ಯಾಕ್ಟ್ ಮಾಡಿದ್ರೆ ಒಣ ಲೆಕ್ಕದಲ್ಲಿ ಘನ ಮೀಟರಿಗೆ 1.7ರಿಂದ 2 ಟನ್ ತೂಗುತ್ತೆ, ಬೂದಿ ಬಹುಪಾಲು 1ರಿಂದ 1.4 ಟನ್ ಒಳಗೇ ಇರುತ್ತೆ. ರಸ್ತೆಗೆ ಆರು ಮೀಟರ್ ಎತ್ತರದ ಒಂದು ಏರಿ ಮಾಡ್ಬೇಕು, ಕೆಳಗೆ ಮೆತ್ತನೆ ಜೇಡಿಮಣ್ಣು ಇದೆ ಅಂತಿಟ್ಕೊಳ್ಳಿ. ತೇವದ ಸಮೇತ ಲೆಕ್ಕ ಹಾಕಿದ್ರೆ ಮಣ್ಣಿನ ಏರಿ ಚದರ ಮೀಟರಿಗೆ ಸುಮಾರು 12 ಟನ್ ಭಾರ ಹೇರುತ್ತೆ, ಬೂದಿ ಏರಿ ಸುಮಾರು 9 ಟನ್. ಆ ಮೂರು ಟನ್ ಉಳಿತಾಯದಲ್ಲೇ ಎಷ್ಟೋ ಕಡೆ ಏರಿ ಕುಸಿಯೋದು ತಪ್ಪುತ್ತೆ, ರಸ್ತೆ ಅಲೆ ಅಲೆಯಾಗಿ ಕೂರೋದು ತಪ್ಪುತ್ತೆ. ಸೇತುವೆ ತುದಿ ಗೋಡೆ ಹಿಂದೆ ಹಾಕಿದ್ರೂ ಅಷ್ಟೇ, ಗೋಡೆ ಮೇಲೆ ಒತ್ತಡ ಕಡಿಮೆ. ಇನ್ನೊಂದು ಕಡೆ ಗುಡ್ಡ ಅಗೆದು, ಹೊಲದ ಮೇಲ್ಮಣ್ಣು ಕೆರೆದು ತರೋದು ನಿಲ್ಲುತ್ತೆ, ಇದೇನು ಸಣ್ಣ ಲಾಭ ಅಲ್ಲ, ಒಂದು ಇಂಚು ಫಲವತ್ತಾದ ಮಣ್ಣು ಹುಟ್ಟೋಕೆ ನೂರಾರು ವರ್ಷ ಬೇಕು.

ಕೆಲಸದಲ್ಲಿ ಹಿಡಿತ ಬರೋದು ನೀರಿನ ಹದದಿಂದ. ಬೂದಿಗೆ ಮಣ್ಣಿಗಿಂತ ಜಾಸ್ತಿ ನೀರು ಬೇಕು, ತೂಕದ 20ರಿಂದ 35 ಪರ್ಸೆಂಟ್ ವರೆಗೂ ಹೋಗುತ್ತೆ. ಕಡಿಮೆ ಆದ್ರೆ ಧೂಳು ಎದ್ದು ಸೈಟೆಲ್ಲ ಬಿಳಿ, ಜಾಸ್ತಿ ಆದ್ರೆ ರೋಲರ್ ಕೆಳಗೆ ನೆಲ ಗದಗದ ಅಲ್ಲಾಡುತ್ತೆ. ತೆಳುವಾಗಿ ಹರಡಿ, ಮೊದಲ ಸುತ್ತು ವೈಬ್ರೇಶನ್ ಇಲ್ದೆ ಓಡಿಸಿ, ಆಮೇಲೆ ವೈಬ್ರೇಶನ್ ಹಾಕ್ಬೇಕು. ಎಷ್ಟು ಚೆನ್ನಾಗಿ ಹೊಡೆದ್ರೂ ಮೇಲಿನ ಪದರ ಸ್ವಲ್ಪ ಸಡಿಲ ಇದ್ದೇ ಇರುತ್ತೆ, ಯಾಕಂದ್ರೆ ಬೂದಿಗೆ ಅಂಟು ಇಲ್ಲ, ಮೇಲಿಂದ ಅದುಮೋಕೆ ಏನಾದ್ರೂ ಬಂದ್ಮೇಲೇನೇ ಅದು ಕೂರೋದು, ಹಾಗಾಗಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ನೋಡೋ ಡೆನ್ಸಿಟಿ ಟೆಸ್ಟ್ ಮಾಡೋವಾಗ ಮೇಲಿನ ಸಡಿಲ ಪದರ ಕೆರೆದು ತೆಗೆದು ಕೆಳಗಡೆ ಅಳೀಬೇಕು. ಇದು ಗೊತ್ತಿಲ್ದೆ ಮೇಲ್ಗಡೆ ಅಳೆದು ಫೇಲ್ ಅಂತ ಬರೆದು ಕಂಟ್ರಾಕ್ಟರ್ ಜೊತೆ ಜಗಳ ಆಡಿರೋರು ತುಂಬಾ ಜನ ಇದಾರೆ.

ಅಂಟು ಇಲ್ಲ ಅನ್ನೋದೇ ಇದರ ದೊಡ್ಡ ದೌರ್ಬಲ್ಯ ಕೂಡ. ಒಂದು ಜೋರು ಮಳೆ ಬಂದ್ರೆ ಬರಿ ಬೂದಿ ಇಳಿಜಾರು ಕಾಲುವೆ ಕಾಲುವೆಯಾಗಿ ಕೊಚ್ಕೊಂಡು ಹೋಗುತ್ತೆ. ಅದಕ್ಕೇ ರಸ್ತೆ ಕೆಲಸಕ್ಕೆ ಮಾನದಂಡ ಬರೆಯೋ ಸಂಸ್ಥೆ ಭಾರತದ ರಸ್ತೆ ಕಾಂಗ್ರೆಸ್ 2001ರಲ್ಲಿ ತಂದ ಎಸ್.ಪಿ. 58 ಮಾರ್ಗಸೂಚೀಲಿ ಏರಿಯ ಎರಡೂ ಪಕ್ಕಕ್ಕೆ 1ರಿಂದ 3 ಮೀಟರ್ ಅಗಲ ಒಳ್ಳೆ ಮಣ್ಣಿನ ಕವಚ ಇರ್ಬೇಕು ಅಂದಿದಾರೆ, ಅದೂ ಬೂದಿ ಪೂರ್ತಿ ಹಾಕಿ ಕೊನೇಲಿ ಮಣ್ಣು ಮೆತ್ತೋದಲ್ಲ, ಒಂದೊಂದು ಪದರದ ಜೊತೆಗೇ ಮಣ್ಣೂ ಮೇಲೆ ಬರ್ಬೇಕು. ಎತ್ತರದ ಏರಿ ಆದ್ರೆ ನಡುವೆ ನಡುವೆ ಮಣ್ಣಿನ ಪದರ. ದೆಹಲೀಲಿ ಯಮುನೆಯ ಪ್ರವಾಹ ಬಯಲಲ್ಲಿ ಎರಡನೇ ನಿಜಾಮುದ್ದೀನ್ ಸೇತುವೆಗೆ ಹೋಗೋ ಏರಿ ಹೊಂಡದ ಬೂದಿಯಿಂದಾನೇ ಕಟ್ಟಿರೋದು, ಪಕ್ಕಕ್ಕೆ ಮಣ್ಣು, ಅದರ ಮೇಲೆ ಕಲ್ಲಿನ ಹೊದಿಕೆ ಹಾಕಿದಾರೆ. ಬ್ರಿಟನ್ನಿನ ಹೆದ್ದಾರಿ ಸ್ಪೆಸಿಫಿಕೇಶನ್‌ನಲ್ಲಂತೂ ಬೂದಿಗೆ ಅಂತಾನೇ ಬೇರೆ ಕ್ಲಾಸ್‌ಗಳಿವೆ. ಅಂದ್ರೆ ಇದು ನಿನ್ನೆ ಮೊನ್ನೆ ಯಾರೋ ಕಂಡುಹಿಡಿದ ಪ್ರಯೋಗ ಅಲ್ಲ, ಸರಿಯಾಗಿ ಮಾಡಿದ್ರೆ ನಿಲ್ಲುತ್ತೆ.

ಈಗ ನೀರಿನ ವಿಷಯಕ್ಕೆ ಬರ್ತೀನಿ, ಇದನ್ನ ಹೇಳೋಕೇ ನಾನು ಬರೆಯೋಕೆ ಕೂತಿದ್ದು.

ಕಲ್ಲಿದ್ದಲಲ್ಲಿ ಆರ್ಸೆನಿಕ್, ಸೆಲೆನಿಯಂ, ಬೋರಾನ್, ಮಾಲಿಬ್ಡಿನಂ, ಸೀಸ, ಕ್ರೋಮಿಯಂ ಇವೆಲ್ಲ ಚೂರು ಚೂರು ಇರುತ್ತೆ. ಇಂಗಾಲ ಉರಿದು ಹೋದ್ಮೇಲೆ ಉಳಿದ ಬೂದೀಲಿ ಇವುಗಳ ಪ್ರಮಾಣ ಸಹಜವಾಗೇ ಏರುತ್ತೆ, ವಿಕಿರಣ ಸೂಸೋ ಯುರೇನಿಯಂ, ರೇಡಿಯಂ ಕೂಡ ಹಾಗೇನೇ. ಇದರಲ್ಲಿ ಕೆಲವು ಬಾಯ್ಲರ್ ಬಿಸೀಲಿ ಆವಿಯಾಗಿ, ಹೊಗೆ ತಣ್ಣಗಾಗ್ತಾ ಬೂದಿ ಕಣದ ಮೈಮೇಲೆ ಬಂದು ಕೂರುತ್ತೆ. ಗಾಜಿನ ಒಳಗೆ ಬಂಧಿಯಾಗಿರೋದು ಬೇರೆ, ಮೈಮೇಲೆ ಕೂತಿರೋದು ಬೇರೆ. ಮೇಲೆ ಕೂತಿರೋದನ್ನ ನೀರು ಸಲೀಸಾಗಿ ತೊಳ್ಕೊಂಡು ಹೋಗುತ್ತೆ. ಟೀ ಸೊಪ್ಪಿಗೆ ನೀರು ಹಾಕ್ದಂಗೆ ಅಂದ್ಕೊಳ್ಳಿ, ಮೊದಲ ನೀರಲ್ಲೇ ಬಣ್ಣ ಜಾಸ್ತಿ ಇಳಿಯುತ್ತೆ, ನೀರು ಎಷ್ಟು ಹೊತ್ತು ನಿಂತಿದೆ ಅನ್ನೋದರ ಮೇಲೆ ಉಳಿದದ್ದು. ಬೋರಾನ್ ಎಲ್ಲಕ್ಕಿಂತ ಮುಂದೆ ಓಡುತ್ತೆ, ಮಣ್ಣಿಗೆ ಅಂಟ್ಕೊಳ್ಳೋದು ಕಡಿಮೆ, ಹಾಗಾಗಿ ಬಾವೀಲಿ ಬೋರಾನ್ ಏರೋಕೆ ಶುರು ಆಗಿದೆ ಅಂದ್ರೆ ಎಲ್ಲೋ ಬೂದಿ ನೀರು ಮುಟ್ಟಿದೆ ಅನ್ನೋಕೆ ಅದು ಮೊದಲ ಸುಳಿವು.

ಇಲ್ಲಿ ಲ್ಯಾಬ್ ಟೆಸ್ಟ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ತುಂಬಾ ಕಡೆ ಬೂದಿ ಸೇಫ್ ಅಂತ ತೋರಿಸೋಕೆ ಟಿ.ಸಿ.ಎಲ್.ಪಿ. ಅನ್ನೋ ಟೆಸ್ಟ್ ರಿಪೋರ್ಟ್ ಮುಂದಿಡ್ತಾರೆ. ಆ ಟೆಸ್ಟ್ ಮಾಡಿದ್ದು ಊರಿನ ಕಸದ ಗುಂಡಿಗೆ ಬಿದ್ದ ತ್ಯಾಜ್ಯ ಏನಾಗುತ್ತೆ ಅಂತ ನೋಡೋಕೆ, ಅಲ್ಲಿ ಕಸ ಕೊಳೆತು ಆಮ್ಲ ಹುಟ್ಟುತ್ತಲ್ಲ, ಅದನ್ನ ಅನುಕರಿಸೋಕೆ ಅಸಿಟಿಕ್ ಆಸಿಡ್ ಹಾಕಿ ಅಲ್ಲಾಡಿಸ್ತಾರೆ. ಆದ್ರೆ ಎಷ್ಟೋ ಬೂದಿ ಕ್ಷಾರೀಯ, ಸುಣ್ಣದ ಗುಣದ್ದು, ಅದರ ಒಳಗಿನ ನೀರೂ ಕ್ಷಾರೀಯ, ಮತ್ತೆ ಆರ್ಸೆನಿಕ್, ಸೆಲೆನಿಯಂ ಥರದವು ಕ್ಷಾರದ ನೀರಲ್ಲೂ ಚೆನ್ನಾಗೇ ಬಿಡುಗಡೆ ಆಗ್ತವೆ. ಆಮ್ಲದಲ್ಲಿ ಪಾಸಾದ ಬೂದಿ ಏರಿ ಕೆಳಗೆ ಹೇಗೆ ನಡ್ಕೊಳ್ಳುತ್ತೆ ಅನ್ನೋಕೆ ಆ ಕಾಗದ ಸಾಕಾಗಲ್ಲ. ಅದಕ್ಕೇ ಅಮೆರಿಕದ ಪರಿಸರ ಸಂಸ್ಥೆ ಇ.ಪಿ.ಎ. ಆಮೇಲೆ ಲೀಫ್ ಅನ್ನೋ ಟೆಸ್ಟ್‌ಗಳ ಗುಂಪು ತಂತು, 1313ರಿಂದ 1316ರ ವರೆಗೆ ನಂಬರು, ಆಮ್ಲದಿಂದ ಕ್ಷಾರದ ವರೆಗೆ ಬೇರೆ ಬೇರೆ ಪಿ.ಎಚ್. ನೀರಲ್ಲಿ, ಬೇರೆ ಬೇರೆ ಪ್ರಮಾಣದ ನೀರಲ್ಲಿ ಏನೇನು ಇಳಿಯುತ್ತೆ ಅಂತ ಪೂರ್ತಿ ಚಿತ್ರ ಕೊಡುತ್ತೆ. ದುಡ್ಡು, ಟೈಮ್ ಜಾಸ್ತಿ ಆಗುತ್ತೆ ನಿಜ. ದೊಡ್ಡ ಫಿಲ್ಲಿಂಗ್ ಅಂದ್ಮೇಲೆ ಅಷ್ಟು ಮಾಡ್ಬೇಕು.

ಇದೆಲ್ಲ ಹೆದರಿಸೋ ಮಾತಾ ಅಂತ ಅನ್ನಿಸ್ಬಹುದು, ಆದ್ರೆ ನಡೆದಿರೋ ಉದಾಹರಣೆ ಇದೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಟೌನ್ ಆಫ್ ಪೈನ್ಸ್ ಅಂತ ಒಂದು ಪುಟ್ಟ ಊರು, ಮಿಶಿಗನ್ ಸರೋವರದ ಹತ್ರ, ನೆಲ ಪೂರ್ತಿ ಮರಳು, ಅಂತರ್ಜಲ ಮೇಲ್ಗಡೆನೇ. ಅಲ್ಲಿ ಹತ್ತಿರದ ಪ್ಲಾಂಟಿನ ಬೂದೀನ ಒಂದು ಲ್ಯಾಂಡ್‌ಫಿಲ್ಲಿಗೆ ಸುರಿದಿದ್ದಲ್ದೆ ರಸ್ತೆಗಳಿಗೆ, ಮನೆ ಅಂಗಳ ಎತ್ತರಿಸೋಕೆ ಕೂಡ ಹಾಕಿದ್ರು. ವರ್ಷಗಳಾದ್ಮೇಲೆ ಬಾವಿಗಳ ನೀರಲ್ಲಿ ಬೋರಾನ್, ಮಾಲಿಬ್ಡಿನಂ ಕಾಣಿಸ್ಕೊಂಡಿತು, ಜನಕ್ಕೆ ಬಾಟಲಿ ನೀರು ಕೊಟ್ರು, ಆಮೇಲೆ ಪಕ್ಕದ ಊರಿಂದ ಪೈಪ್ ಎಳೆದ್ರು, ಇ.ಪಿ.ಎ. ಅಂಗಳ ಅಂಗಳ ಹುಡುಕಿ ಮಣ್ಣು ತೆಗೆಸೋ ಪರಿಸ್ಥಿತಿ ಬಂತು. ನನ್ನ ಪ್ರಕಾರ ಇಲ್ಲಿ ಕಲೀಬೇಕಾದ್ದು ಎರಡು, ಮರಳು ನೆಲ ಮತ್ತು ಮೇಲಿನ ಅಂತರ್ಜಲ ಇದ್ದಲ್ಲಿ ಸಡಿಲ ಬೂದಿ ಹಾಕ್ಲೇಬಾರದಿತ್ತು ಅನ್ನೋದು ಒಂದು, ಯಾವ ಅಂಗಳದಲ್ಲಿ ಬೂದಿ ಇದೆ ಅಂತ ಯಾರ ಹತ್ರನೂ ಪೂರ್ತಿ ಲೆಕ್ಕ ಇರ್ಲಿಲ್ಲ ಅನ್ನೋದು ಇನ್ನೊಂದು. ನಂಗೆ ಎರಡನೇದೇ ಜಾಸ್ತಿ ಚುಚ್ಚುತ್ತೆ.

ವರ್ಜೀನಿಯಾದ ಚೆಸಪೀಕ್‌ನಲ್ಲಿ 2002ರಿಂದ 2007ರ ಒಳಗೆ ಸುಮಾರು 15 ಲಕ್ಷ ಟನ್ ಹಾರುಬೂದಿ ಹಾಕಿ ಒಂದು ಗಾಲ್ಫ್ ಮೈದಾನದ ದಿಣ್ಣೆಗಳನ್ನ ಮಾಡಿದ್ರು. ಕಾಗದದ ಮೇಲೆ ಅದು ಉಪಯುಕ್ತ ಮರುಬಳಕೆ. ಸುತ್ತ ಇದ್ದ ಮನೆಗಳು ಸ್ವಂತ ಬಾವಿ ನೀರು ಕುಡೀತಿದ್ವು, ಆ ಜಗಳ ವರ್ಷಗಟ್ಟಲೆ ಕೋರ್ಟಲ್ಲಿ ಎಳೀತು. ಗಾಲ್ಫ್ ಮೈದಾನಕ್ಕೆ ದಿಣ್ಣೆ ಬೇಕಿತ್ತು ಅಂತ ಬೂದಿ ತಂದ್ರಾ, ಬೂದಿ ಖಾಲಿ ಆಗ್ಬೇಕಿತ್ತು ಅಂತ ದಿಣ್ಣೆ ಮಾಡಿದ್ರಾ, ಇದನ್ನ ಪ್ರತೀ ಫಿಲ್ಲಿಂಗಲ್ಲೂ ಕೇಳ್ಬೇಕು ಅಂತೀನಿ ನಾನು. ಇ.ಪಿ.ಎ. 2015ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ನಿಯಮದಲ್ಲಿ ಹೆಚ್ಚು ಕಮ್ಮಿ ಇದನ್ನೇ ಕೇಳಿದೆ, ಬೂದಿ ಅಲ್ಲಿ ನಿಜವಾಗ್ಲೂ ಒಂದು ಕೆಲಸ ಮಾಡ್ತಿರ್ಬೇಕು, ಬೇರೆ ಹೊಸ ಮೆಟೀರಿಯಲ್ ಬದಲಿಗೆ ಬಂದಿರ್ಬೇಕು, ಬೇಕಾದಷ್ಟೇ ಹಾಕಿರ್ಬೇಕು, ಮತ್ತೆ ರಸ್ತೆ ಬಿಟ್ಟು ಬೇರೆ ಕಡೆ 12,400 ಟನ್‌ಗಿಂತ ಜಾಸ್ತಿ ಸಡಿಲವಾಗಿ, ಅಂದ್ರೆ ಕಾಂಕ್ರೀಟ್ ಥರದ್ದರಲ್ಲಿ ಕಟ್ಟಿಹಾಕದೆ, ಹಾಕೋದಾದ್ರೆ ನೀರು, ಗಾಳಿ, ಮಣ್ಣಿಗೆ ಹೋಗೋದು ಮಾಮೂಲಿ ಮೆಟೀರಿಯಲ್‌ಗಿಂತ ಜಾಸ್ತಿ ಇಲ್ಲ, ಅಥವಾ ಆರೋಗ್ಯದ ಮಿತಿ ಒಳಗಿದೆ ಅಂತ ತೋರಿಸ್ಬೇಕು. ಮೊದಲ ಮೂರು ಪ್ರಶ್ನೆ ನಂಗೆ ತುಂಬಾ ಇಷ್ಟ. ನಾಲ್ಕನೇದರಲ್ಲಿ ಟನ್ ಲೆಕ್ಕ ಯಾಕೋ ಒಪ್ಪಿಗೆ ಆಗಲ್ಲ, ನೀರಿನ ಮೇಲೆ ಹತ್ತು ಮೀಟರ್ ಎತ್ತರದಲ್ಲಿ ಕೂತ ಇಪ್ಪತ್ತು ಸಾವಿರ ಟನ್‌ಗಿಂತ ನೀರೊಳಗೇ ಕೂತ ಎರಡು ಸಾವಿರ ಟನ್ ಬಗ್ಗೆ ನಂಗೆ ಭಯ ಜಾಸ್ತಿ.

ಯಾಕೆ ಟನ್ ಹಿಂದೆ ಬೀಳ್ತಾರೆ ಅಂದ್ರೆ ಒತ್ತಡ ಇರೋದೇ ಟನ್ ಲೆಕ್ಕದಲ್ಲಿ. ಭಾರತದಲ್ಲಿ 2021ರ ಡಿಸೆಂಬರ್ 31ರ ಅಧಿಸೂಚನೆ ಪ್ರಕಾರ ಉಷ್ಣ ವಿದ್ಯುತ್ ಸ್ಥಾವರಗಳು ಬೂದೀನ 100 ಪರ್ಸೆಂಟ್ ಬಳಕೆ ಮಾಡಿಸ್ಬೇಕು. ಉದ್ದೇಶ ಒಳ್ಳೇದೇ, ಹೊಂಡದಲ್ಲಿ ಗುಡ್ಡ ಹಾಕಿ ಇಟ್ಕೊಳ್ಳೋದು ಇದಕ್ಕಿಂತ ಅಪಾಯ, 2008ರ ಡಿಸೆಂಬರ್ 22ರ ನಸುಕಲ್ಲಿ ಟೆನೆಸಿಯ ಕಿಂಗ್‌ಸ್ಟನ್ ಪ್ಲಾಂಟಿನ ಕಟ್ಟೆ ಒಡೆದು 40 ಲಕ್ಷ ಘನ ಮೀಟರ್‌ಗೂ ಜಾಸ್ತಿ ಬೂದಿ ಕೆಸರು ನದಿಗೆ, ಮನೆಗಳಿಗೆ ನುಗ್ಗಿದ್ದು ಯಾರೂ ಮರೆಯೋ ಹಾಗಿಲ್ಲ, ಅದನ್ನ ಕ್ಲೀನ್ ಮಾಡಿದ ಕಾರ್ಮಿಕರು ಆಮೇಲೆ ಕಾಯಿಲೆ ಬಿದ್ದು, ಧೂಳಿಗೆ ಸರಿಯಾದ ಮಾಸ್ಕ್ ಕೊಡ್ಲಿಲ್ಲ ಅಂತ ಕೋರ್ಟಿಗೆ ಹೋದ್ರು. ಹಾಗಾಗಿ ಹೊಂಡ ಖಾಲಿ ಆಗ್ಲೇಬೇಕು. ಆದ್ರೆ ಪರ್ಸೆಂಟೇ ಗುರಿ ಆದಾಗ ಸಿಮೆಂಟಿಗೆ ಕಳಿಸೋ ಒಂದು ಟನ್ನೂ, ಹಳ್ಳಕ್ಕೆ ಸುರಿಯೋ ಒಂದು ಟನ್ನೂ ರಿಪೋರ್ಟಲ್ಲಿ ಒಂದೇ ಥರ ಕಾಣುತ್ತೆ. ತಗ್ಗು ಜಾಗ ತುಂಬೋದು ಅನ್ನೋ ಒಂದು ಸಾಲಲ್ಲಿ ಎಷ್ಟು ಬೇಕಾದ್ರೂ ಬೂದಿ ಹಿಡಿಯುತ್ತೆ. ಮತ್ತೆ ತಗ್ಗು ಜಾಗ ತಗ್ಗಾಗಿರೋದೇ ನೀರು ಅಲ್ಲಿಗೆ ಬರುತ್ತೆ ಅಂತ, ಬೂದಿಗೆ ಅದಕ್ಕಿಂತ ಕೆಟ್ಟ ಜಾಗ ಹುಡುಕೋದು ಕಷ್ಟ.

ಹಾಗಾದ್ರೆ ಎಲ್ಲಿ ಹಾಕ್ಬಹುದು? ನನ್ನ ಆಯ್ಕೆ ಕ್ರಮ ಹೀಗಿದೆ, ಕಾಂಕ್ರೀಟಿಗೆ ಯೋಗ್ಯ ಇರೋ ನುಣ್ಣಗಿನ ಒಣ ಬೂದಿ ಮೊದಲು ಅಲ್ಲಿಗೇ ಹೋಗ್ಬೇಕು, ಸಿಮೆಂಟಿನ 15ರಿಂದ 35 ಪರ್ಸೆಂಟ್ ಜಾಗ ಅದು ತುಂಬುತ್ತೆ, ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತೆ, ಒಳಗಿನ ಲೋಹಗಳೂ ಬಹುಪಾಲು ಅಲ್ಲೇ ಕಟ್ಟಿಬೀಳುತ್ತೆ. ಅಮೆರಿಕದ ಮೊಂಟಾನಾದಲ್ಲಿ ಹಂಗ್ರಿ ಹಾರ್ಸ್ ಅಣೆಕಟ್ಟೆಗೆ 1950ರ ಆಸುಪಾಸಲ್ಲೇ ಲಕ್ಷ ಟನ್‌ಗಿಂತ ಜಾಸ್ತಿ ಹಾಕಿದಾರೆ, ಅಷ್ಟು ಹಳೇ ಅನುಭವ ಇದೆ. ಉರಿಯದೆ ಉಳಿದ ಇಂಗಾಲ ಜಾಸ್ತಿ ಇದ್ದು ಕಾಂಕ್ರೀಟ್ ಪ್ಲಾಂಟ್ ಬೇಡ ಅಂದ ಬೂದಿ, ಹೊಂಡದ ಒರಟು ಬೂದಿ, ಇವೇ ಫಿಲ್ಲಿಂಗಿಗೆ ಬರ್ಬೇಕಾದ್ದು. ಅದನ್ನ ಹಾಕೋದು ರಸ್ತೆ ಏರಿ, ಸೇತುವೆಗೆ ಹತ್ತೋ ಅಪ್ರೋಚ್, ಗೋಡೆ ಹಿಂದೆ, ಅಂದ್ರೆ ಮೇಲೆ ಡಾಂಬರೋ ಕಾಂಕ್ರೀಟೋ ಬಂದು ಮಳೆ ನೀರು ಒಳಗೆ ಇಳಿಯೋದು ಕಡಿಮೆ ಆಗೋ ಜಾಗ. ಸಾಧ್ಯ ಇದ್ರೆ ಸ್ವಲ್ಪ ಸುಣ್ಣ ಅಥವಾ ಸಿಮೆಂಟ್ ಕಲಸಿ, ಗಟ್ಟಿನೂ ಆಗುತ್ತೆ, ನೀರು ಹರಿಯೋದೂ ಕಡಿಮೆ. ಕೆಲವು ಬೂದೀಲಿ ಸುಣ್ಣದಂಶ ಮೊದ್ಲೇ ಜಾಸ್ತಿ ಇದ್ದು ತಾನೇ ಗಟ್ಟಿ ಆಗುತ್ತೆ, ಆದ್ರೆ ಜೊತೆಗೆ ಸಲ್ಫೇಟ್ ಇದ್ರೆ ಆಮೇಲೆ ಉಬ್ಬಿ ರಸ್ತೆ ಎತ್ತುತ್ತೆ, ಆ ಟೆಸ್ಟ್ ಮರೀಬೇಡಿ.

ತಳದ ಬಗ್ಗೆ ನಂದು ಹಠ. ಮಳೆಗಾಲದ ಅತಿ ಮೇಲಿನ ನೀರಿನ ಮಟ್ಟ ಹಿಡಿದು, ಅದಕ್ಕಿಂತ ಮೇಲೆ ಬೂದಿ ಶುರು ಆಗ್ಬೇಕು, ಬೇಸಿಗೇಲಿ ಗುಂಡಿ ತೋಡಿ ಒಣಗಿದೆ ಅಂತ ಬರ್ಕೊಂಡು ಬರೋದು ಲೆಕ್ಕಕ್ಕಿಲ್ಲ. ಬೂದಿ ಸಣ್ಣ ಕಣದ್ದು, ತನ್ನಷ್ಟಕ್ಕೆ ತಾನೇ ನೀರನ್ನ ಮೇಲಕ್ಕೆ ಹೀರುತ್ತೆ, ಹಾಗಾಗಿ ನೀರು ಮುಟ್ಟದೇ ಇದ್ರೂ ಹತ್ತಿರ ಇದ್ರೆ ಸಾಕು ಒದ್ದೆ ಆಗುತ್ತೆ, ಇದನ್ನ ತಡೆಯೋಕೆ ತಳದಲ್ಲಿ ಒರಟು ಜಲ್ಲಿಯ ಒಂದು ಪದರ, ಅದು ಮುಚ್ಚಿಹೋಗದ ಹಾಗೆ ನೀರು ಬಿಟ್ಟು ಕಣ ತಡೆಯೋ ಬಟ್ಟೆ, ಅಂದ್ರೆ ಜಿಯೋಟೆಕ್ಸ್‌ಟೈಲ್. ಇದು ಪರಿಸರಕ್ಕೆ ಮಾತ್ರ ಅಲ್ಲ, ಏರಿಯ ಬಲಕ್ಕೂ ಬೇಕು, ನೀರು ತುಂಬಿದ ಸಡಿಲ ಬೂದಿ ಭೂಕಂಪದಲ್ಲಿ ದ್ರವದ ಥರ ಹರಿಯುತ್ತೆ. ಬಾವಿ, ಕೆರೆ, ಹೊಳೆ ಹತ್ರ ಬೇಡ. ಮನೆ ಕಟ್ಟೋ ಜಾಗದ ಅಡಿಗೆ ನಾನಂತೂ ಸಡಿಲ ಬೂದಿ ಒಪ್ಪಲ್ಲ, ರೇಡಿಯಂ ವಿಷಯ ಒಂದು, ಮುಂದೆ ಅಲ್ಲಿ ಯಾರೋ ಗಿಡ ನೆಡ್ತಾರೆ, ಮಕ್ಕಳು ಅಗೀತಾರೆ, ಬಾವಿ ತೋಡ್ತಾರೆ ಅನ್ನೋದು ಇನ್ನೊಂದು. ಬೂದಿ ಅಡಿಯಿಂದ ಚರಂಡಿ ಪೈಪ್ ಹಾಯಿಸೋದೂ ಬೇಡ, ಉತ್ತರ ಕ್ಯಾರೊಲೈನಾದ ಡ್ಯಾನ್ ನದಿಗೆ 2014ರ ಫೆಬ್ರವರಿಲಿ ಸುಮಾರು 39,000 ಟನ್ ಬೂದಿ ಹರಿದಿದ್ದು ಹೊಂಡದ ಕಟ್ಟೆ ಒಡೆದಲ್ಲ, ಹೊಂಡದ ಅಡಿ ಇದ್ದ ಹಳೇ ಮಳೆನೀರು ಪೈಪ್ ಕುಸಿದು.

ಕೊನೇ ವಿಷಯ ದಾಖಲೆ. ಏರಿ ಮುಗಿದ್ಮೇಲೆ ಮೇಲೆ ಹುಲ್ಲು ಬೆಳೆಯುತ್ತೆ, ಐದು ವರ್ಷದಲ್ಲಿ ಇಂಜಿನಿಯರ್ ಟ್ರಾನ್ಸ್‌ಫರ್ ಆಗ್ತಾರೆ, ಕಂಟ್ರಾಕ್ಟರ್ ಬೇರೆ ಊರು ಸೇರ್ತಾನೆ, ಮೂವತ್ತು ವರ್ಷ ಆದ್ಮೇಲೆ ರಸ್ತೆ ಅಗಲ ಮಾಡೋಕೆ ಬಂದವನಿಗೆ ಜೆ.ಸಿ.ಬಿ. ಬಕೆಟಲ್ಲಿ ಬೂದು ಬಣ್ಣದ ಪುಡಿ ಬಂದಾಗಲೇ ಗೊತ್ತಾಗೋದು. ಅವನು ಅದನ್ನ ಎಲ್ಲಿಗೆ ಸುರೀತಾನೆ? ಅದಕ್ಕೇ ನಾನು ಪ್ರತೀ ಸಲ ಇದನ್ನ ಹಠ ಮಾಡಿ ಬರೆಸ್ತೀನಿ, ಯಾವ ಪ್ಲಾಂಟಿನ ಯಾವ ಹೊಂಡದ ಬೂದಿ, ಎಷ್ಟು ಟನ್, ನಕ್ಷೇಲಿ ನಾಲ್ಕೂ ಮೂಲೆಯ ಜಿ.ಪಿ.ಎಸ್. ಗುರುತು, ತಳದ ಮಟ್ಟ, ಮೇಲಿನ ಮಟ್ಟ, ಆ ವರ್ಷದ ಮಳೆಗಾಲದ ನೀರಿನ ಮಟ್ಟ, ನೀರಿಗೆ ಏನೇನು ಇಳಿಯುತ್ತೆ ಅನ್ನೋ ಲೀಚಿಂಗ್ ಟೆಸ್ಟ್ ರಿಪೋರ್ಟ್, ಹಾಕೋ ಮುಂಚಿನ ಬಾವಿ ನೀರಿನ ರಿಪೋರ್ಟ್. ಈ ಕೊನೇದು ತುಂಬಾ ಜನ ಬಿಟ್ಬಿಡ್ತಾರೆ, ಮುಂಚೆ ಬೋರಾನ್ ಎಷ್ಟಿತ್ತು ಅಂತ ಇಲ್ದೇ ಹೋದ್ರೆ ಆಮೇಲೆ ಯಾರು ಎಷ್ಟು ಅಳೆದ್ರೂ ಜಗಳವೇ ಉಳಿಯೋದು. ಇದರ ಒಂದು ಪ್ರತಿ ಜಮೀನಿನ ದಾಖಲೆ ಜೊತೆಗೇ ಇರ್ಬೇಕು, ಜಾಗ ಮಾರಿದ್ರೆ ಕೊಂಡವನ ಕೈಗೂ ಹೋಗ್ಬೇಕು. ಅಂತರ್ಜಲ ಹರಿಯೋ ದಿಕ್ಕಲ್ಲಿ ಏರಿ ದಾಟಿ ಕೆಳಗಡೆ ಎರಡು, ಏರಿಗೆ ಮುಂಚೆ ಮೇಲ್ಗಡೆ ಒಂದು ಸಣ್ಣ ಬೋರ್ ತೋಡಿ, ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಂದ್ಸಲ ಮಳೆ ಆದ್ಮೇಲೆ ಒಂದ್ಸಲ, ಬೋರಾನ್, ಸಲ್ಫೇಟ್, ಆರ್ಸೆನಿಕ್ ಇಷ್ಟನ್ನಾದ್ರೂ ನೋಡಿ. ಪೂರ್ತಿ ಪ್ರಾಜೆಕ್ಟಿನ ಖರ್ಚಿನ ಮುಂದೆ ಇದು ಏನೂ ಅಲ್ಲ, ಟೆಂಡರ್ ಬರೆಯೋವಾಗಲೇ ಒಂದು ಐಟಂ ಆಗಿ ಸೇರಿಸಿಬಿಟ್ರೆ ಆಮೇಲೆ ಯಾರನ್ನೂ ಬೇಡೋ ಹಾಗಿಲ್ಲ.